ಕಂಡಷ್ಟೇ ಬರೆಯುವ ಕಲೆ

ಮಳೆಗಾಲ ಹಿಂದೆ ಸರಿದು ದೀಪಾವಳಿ ಸಮೀಪಿಸುವ ಹೊತ್ತಿಗೆ ಘಟಪ್ರಭೆಯ ಬಯಲಿನ ಆಕಾಶವು ತೊಳೆದಿಟ್ಟ ಕನ್ನಡಿಯಂತಾಗುತ್ತದೆ. ಹುಕ್ಕೇರಿ, ಗೋಕಾಕ, ಮೂಡಲಗಿಗಳ ಸುತ್ತಣ ಊರುಗಳಲ್ಲಿ ರಾತ್ರಿ ಹೊರಗೆ ನಿಂತು ತಲೆಯೆತ್ತಿದವರಿಗೆ, ಮಿನುಗುವ ನಕ್ಷತ್ರಗಳ ನಡುವೆ ಮಿನುಗದೆ ಶಾಂತವಾಗಿ ಬೆಳಗುವ ಒಂದೆರಡು ಜ್ಯೋತಿಗಳು ಕಾಣುವುದುಂಟು. ಅವೇ ಗ್ರಹಗಳು. ಅವುಗಳತ್ತ ಚಿಕ್ಕದೊಂದು ದೂರದರ್ಶಕವನ್ನು ತಿರುಗಿಸುವ ಅವಕಾಶ ಒದಗಿದರೆ, ಕೈಯಲ್ಲಿ ಒಂದು ಪೆನ್ಸಿಲೂ ಒಂದು ಹಾಳೆಯೂ ಇರಬೇಕು. ಅದೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲ ಬಾರಿ ದೂರದರ್ಶಕದಲ್ಲಿ ಇಣುಕಿದವರಿಗೆ ಸಾಮಾನ್ಯವಾಗಿ ನಿರಾಶೆಯಾಗುತ್ತದೆ. ಗುರುಗ್ರಹವನ್ನು ನೂರಿಪ್ಪತ್ತು ಪಟ್ಟು ಹಿಗ್ಗಿಸಿ ನೋಡಿದರೂ ಅದು ಒಂದಡಿ ದೂರದಲ್ಲಿ ಹಿಡಿದ ಬಟಾಣಿ ಕಾಳಿಗಿಂತ ದೊಡ್ಡದಾಗಿ ತೋರುವುದಿಲ್ಲ. ಪುಸ್ತಕಗಳಲ್ಲಿ ಅಚ್ಚಾದ ವರ್ಣಚಿತ್ರಗಳ ವೈಭವ ಅಲ್ಲಿಲ್ಲ. ಆದರೆ ಹಾಳೆಯನ್ನು ಮುಂದಿಟ್ಟುಕೊಂಡು, ಕಂಡುದನ್ನು ಬರೆಯತೊಡಗಿದೊಡನೆ ನೋಟದ ರೀತಿಯೇ ಬದಲಾಗುತ್ತದೆ. ಈ ಕಪ್ಪು ಪಟ್ಟೆ ನಡುವಿನಿಂದ ಎಷ್ಟು ಮೇಲಿದೆ? ಅದರ ಅಂಚು ನೇರವೋ, ಡೊಂಕೋ? ಹೀಗೆ ಪೆನ್ಸಿಲು ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಕಣ್ಣು ಮರಳಿ ಮರಳಿ ನೋಡುತ್ತದೆ. ಕಾಲು ಗಂಟೆಯಲ್ಲಿ, ಮೊದಲ ನೋಟಕ್ಕೆ ಬೀಳದ ಎಷ್ಟೋ ವಿವರಗಳು ಗೋಚರಿಸುತ್ತವೆ.

ಖಗೋಳ ವಿಜ್ಞಾನದ ಒಂದು ಮಹಾ ಸಂಶೋಧನೆಗೆ ಇಂತಹ ಸರಳ ರೇಖಾಚಿತ್ರಗಳೇ ಆಧಾರವಾದವು. 1610ರ ಜನವರಿ 7ರ ರಾತ್ರಿ ಗೆಲಿಲಿಯೋ ಗುರುವಿನ ಬಳಿ ಮೂರು ಚುಕ್ಕೆಗಳನ್ನು ಕಂಡನು. ಎರಡು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಮರುರಾತ್ರಿ ನೋಡಿದಾಗ ಮೂರೂ ಪಶ್ಚಿಮಕ್ಕಿದ್ದವು. ರಾತ್ರಿಯಿಂದ ರಾತ್ರಿಗೆ ಅವುಗಳ ಸ್ಥಾನವನ್ನು ಗುರುತಿಸುತ್ತ ಹೋದುದರಿಂದ, ಅವು ನಕ್ಷತ್ರಗಳಲ್ಲ, ಗುರುವನ್ನು ಸುತ್ತುವ ಚಂದ್ರರು ಎಂಬುದು ಹೊರಬಿದ್ದಿತು.

ಗ್ರಹವೀಕ್ಷಣೆಗೆ ನಮ್ಮ ನಾಡು ಅನುಕೂಲವಾದ ಸ್ಥಳ. ಗೋಕಾಕವು ಉತ್ತರ ಅಕ್ಷಾಂಶ ಸುಮಾರು 16 ಡಿಗ್ರಿಯಲ್ಲಿದೆ. ಆದ್ದರಿಂದ ಗುರು, ಶನಿಗಳು ಆಕಾಶದಲ್ಲಿ ತೀರ ದಕ್ಷಿಣಕ್ಕೆ ಸರಿದ ವರ್ಷಗಳಲ್ಲಿಯೂ ಇಲ್ಲಿ ಕ್ಷಿತಿಜದಿಂದ ಸುಮಾರು 50 ಡಿಗ್ರಿ ಎತ್ತರಕ್ಕೆ ಏರುತ್ತವೆ. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಅವುಗಳ ಎತ್ತರ 15 ಡಿಗ್ರಿ ಮಾತ್ರ. ಗ್ರಹ ಎತ್ತರದಲ್ಲಿದ್ದಷ್ಟೂ ಅದರ ಬೆಳಕು ಹಾಯಬೇಕಾದ ಗಾಳಿಯ ಪದರ ತೆಳುವಾಗಿರುತ್ತದೆ, ಬಿಂಬವೂ ಸ್ಥಿರವಾಗಿರುತ್ತದೆ. ಪೇಟೆಯ ದೀಪಗಳಿಂದ ಗ್ರಹವೀಕ್ಷಣೆಗೆ ಹೆಚ್ಚಿನ ಬಾಧೆಯಿಲ್ಲ. ನಿಜವಾದ ಶತ್ರು ಕಲಕುವ ಗಾಳಿ. ಹಗಲೆಲ್ಲ ಕಾದ ಸಿಮೆಂಟಿನ ಮಾಳಿಗೆ ರಾತ್ರಿ ಬಿಸಿಯನ್ನು ಕಾರುವುದರಿಂದ ಬಿಂಬ ನೀರಿನೊಳಗಿನ ನಾಣ್ಯದಂತೆ ತುಳುಕುತ್ತದೆ. ಹೊಲದ ಅಂಚು ಅಥವಾ ಮಣ್ಣಿನ ಅಂಗಳ ಲೇಸು. ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ತಣಿಯಲು ಬಿಡಬೇಕು. ಇನ್ನೊಂದು ಮಾತನ್ನು ಎಂದೂ ಮರೆಯಬಾರದು: ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಿ ನೋಡಿದರೆ ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ.

ಇನ್ನು ಚಿತ್ರ ಬರೆಯುವ ಕ್ರಮ. ಗುರುವು ಪೂರ್ಣ ವೃತ್ತವಲ್ಲ. ವೇಗವಾಗಿ ತಿರುಗುವುದರಿಂದ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿದೆ. ಆದುದರಿಂದ 50 ಮಿಲಿಮೀಟರ್ ಅಗಲ, 47 ಮಿಲಿಮೀಟರ್ ಎತ್ತರದ ಹೊರರೇಖೆಯನ್ನು ಹಗಲಿನಲ್ಲಿಯೇ ಸಿದ್ಧಪಡಿಸಿಕೊಳ್ಳಬೇಕು. ರಾತ್ರಿ ಮೊದಲ ಐದು ನಿಮಿಷ ಏನನ್ನೂ ಬರೆಯದೆ ಸುಮ್ಮನೆ ನೋಡಬೇಕು. ಕಲಕುವ ಗಾಳಿ ನಡುನಡುವೆ ಅರೆಕ್ಷಣ ತಣ್ಣಗಾಗುತ್ತದೆ. ವಿವರಗಳು ಹೊಳೆಯುವುದು ಆಗಲೇ. ಅನಂತರ ಎರಡು ಮುಖ್ಯ ಪಟ್ಟೆಗಳ ಸ್ಥಾನವನ್ನು ತೆಳುವಾಗಿ ಗುರುತಿಸಿ, ಕಲೆ ಅಂಕುಡೊಂಕುಗಳನ್ನು ಸೇರಿಸಿ, ಕೊನೆಗೆ ಬೆರಳಿನಿಂದ ತೀಡಿ ಛಾಯೆ ಕೊಡಬೇಕು. ಬೆಳಕಿಗೆ ಕೆಂಪು ಕಾಗದ ಸುತ್ತಿದ ಬ್ಯಾಟರಿ ಸಾಕು. ಗುರುವು 9 ಗಂಟೆ 55 ನಿಮಿಷಗಳಲ್ಲಿ ಒಂದು ಸುತ್ತು ತಿರುಗುತ್ತದೆ. ಹತ್ತು ನಿಮಿಷಕ್ಕೆ 6 ಡಿಗ್ರಿ. ಆದ್ದರಿಂದ ಹದಿನೈದು ಇಪ್ಪತ್ತು ನಿಮಿಷಗಳೊಳಗೆ ಚಿತ್ರ ಮುಗಿಯಬೇಕು. ಯಂತ್ರದ ನೆರವಿಲ್ಲದೆ ನಿಲ್ಲಿಸಿದ ದೂರದರ್ಶಕದಲ್ಲಿ ಗ್ರಹವು ತಾನಾಗಿಯೇ ಒಂದು ಕಡೆಗೆ ಸರಿದು ಮರೆಯಾಗುತ್ತದೆ. ಅದು ಸರಿಯುವ ದಿಕ್ಕೇ ಪಶ್ಚಿಮ. ಅದನ್ನೂ, ದಿನಾಂಕ, ವೇಳೆ, ದೂರದರ್ಶಕದ ಅಳತೆ, ಗಾಳಿಯ ಸ್ಥಿತಿಗಳನ್ನೂ ಚಿತ್ರದ ಕೆಳಗೆ ಬರೆದಿಡಬೇಕು. ವೇಳೆ ಬರೆಯದ ಚಿತ್ರ ವಿಳಾಸವಿಲ್ಲದ ಪತ್ರದಂತೆ.

ಇಷ್ಟೆಲ್ಲ ಕೈಗೆ ಸಂಬಂಧಿಸಿದ ಮಾತು. ಇದಕ್ಕಿಂತ ಕಠಿಣವಾದುದು ಮನಸ್ಸಿನ ಶಿಸ್ತು. ಗೋಕಾಕದ ಬಣ್ಣದ ಗೊಂಬೆಗಳು ಹೆಸರಾದವು. ಅಲ್ಲಿಯ ಕುಶಲಕರ್ಮಿ ಮಾವಿನ ಹಣ್ಣೊಂದನ್ನು ರೂಪಿಸುವಾಗ ನೋಡಿದವರೆಲ್ಲ ಮಾವೆಂದು ಗುರುತಿಸುವಂತೆ ರೂಪಿಸುತ್ತಾನೆ. ಅದು ಅವನ ಕಲೆಯ ಧರ್ಮ. ಗ್ರಹದ ಚಿತ್ರ ಬರೆಯುವವನ ಧರ್ಮ ಬೇರೆ. ಅವನು ಬರೆಯಬೇಕಾದುದು ಎಲ್ಲರೂ ಬಲ್ಲ ಗುರುವನ್ನಲ್ಲ. ಈ ರಾತ್ರಿ, ಈ ಗಳಿಗೆಯಲ್ಲಿ ತನ್ನ ಕಣ್ಣಿಗೆ ಕಂಡ ಗುರುವನ್ನು. ಗುರುವಿನ ಮೇಲೆ ದೊಡ್ಡ ಕೆಂಪು ಕಲೆಯಿದೆಯೆಂದು ಓದಿರುತ್ತೇವೆ. ಆದರೆ ಅದು ಕಾಣದಿದ್ದರೆ ಬರೆಯಕೂಡದು.

ಈ ಶಿಸ್ತು ಎಷ್ಟು ಕಷ್ಟವೆಂಬುದಕ್ಕೆ ಮಂಗಳನ ಕಾಲುವೆಗಳ ಕಥೆ ಸಾಕ್ಷಿ. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಮಂಗಳನ ಮೇಲೆ ಸಣ್ಣ ಗೆರೆಗಳನ್ನು ಕಂಡು ನಕ್ಷೆ ಬರೆದನು. ಮುಂದೆ ಅಮೆರಿಕದ ಪರ್ಸಿವಲ್ ಲೊವೆಲ್, ಇವು ಬುದ್ಧಿಜೀವಿಗಳು ತೋಡಿದ ಕಾಲುವೆಗಳೆಂದೂ, ನಮಗೆ ಕಾಣುವುದು ಅವುಗಳ ದಂಡೆಯ ಬೆಳೆಯೆಂದೂ ವಾದಿಸಿದನು. ಘಟಪ್ರಭೆಯ ಎಡದಂಡೆ ಕಾಲುವೆಯ ಬದಿಯಲ್ಲಿ ಕಬ್ಬು ಹಸಿರಾಗಿ ನಿಂತುದನ್ನು ಕಂಡವರಿಗೆ ಈ ವಾದ ಒಪ್ಪತಕ್ಕದ್ದೇ ಎನಿಸಬಹುದು. ಆದರೆ 1903ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬೇರೆಯೇ ಕಥೆ ಹೇಳಿತು. ಇಂಗ್ಲೆಂಡಿನ ಮಾಂಡರ್ ಮತ್ತು ಇವಾನ್ಸ್ ಎಂಬವರು ಗ್ರೀನಿಚ್‌ನ ಶಾಲೆಯೊಂದರ ಹುಡುಗರ ಮುಂದೆ ಮಂಗಳನ ಚಿತ್ರವನ್ನಿಟ್ಟು, ನೋಡಿ ಬರೆಯಲು ಹೇಳಿದರು. ಚಿತ್ರದಲ್ಲಿ ಕಾಲುವೆಗಳಿರಲಿಲ್ಲ, ಚದುರಿದ ಚುಕ್ಕೆಗಳು, ಕಲೆಗಳಿದ್ದವು. ಆದರೂ ದೂರದಲ್ಲಿ ಕುಳಿತ ಹಲವರು ನೇರ ಗೆರೆಗಳನ್ನು ಬರೆದರು! ಅಸ್ಪಷ್ಟವಾದ ಚುಕ್ಕೆಗಳನ್ನು ಕಣ್ಣು ತಾನೇ ಜೋಡಿಸಿ ಗೆರೆ ಮಾಡುತ್ತದೆ. 1965ರಲ್ಲಿ ಮ್ಯಾರಿನರ್ 4 ನೌಕೆ ಕಳುಹಿಸಿದ ಚಿತ್ರಗಳಲ್ಲಿ ಕುಳಿಗಳಿದ್ದವು, ಕಾಲುವೆಗಳಿರಲಿಲ್ಲ.

ಹಾಗಾದರೆ ಕಣ್ಣನ್ನು ನಂಬುವುದೇ ಬೇಡವೆ? ಹಾಗಲ್ಲ. 1970ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಓಮಿಯಾರಾ ಎಂಬ ತರುಣ, ಶನಿಯ ಬಳೆಗಳ ಮೇಲೆ ಚಕ್ಕಡಿಯ ಗಾಲಿಯ ಅರೆಗಳಂತಹ ಮಸುಕಾದ ಗೆರೆಗಳನ್ನು ಕಂಡು ಬರೆದನು. ಬಲ್ಲವರು ಒಪ್ಪಲಿಲ್ಲ. ಬಳೆಗಳ ಒಳಭಾಗ ಹೊರಭಾಗಕ್ಕಿಂತ ವೇಗವಾಗಿ ಸುತ್ತುವುದರಿಂದ ಅಂತಹ ಗೆರೆಗಳು ಕದಡಿಹೋಗಬೇಕಷ್ಟೆ! ಆದರೆ 1980ರಲ್ಲಿ ವಾಯೇಜರ್ 1 ನೌಕೆ ಶನಿಯನ್ನು ಸಮೀಪಿಸಿದಾಗ ಅರೆಗಳು ಅಲ್ಲಿಯೇ ಇದ್ದವು.

ಒಬ್ಬನು ಇಲ್ಲದುದನ್ನು ಬರೆದನು, ಇನ್ನೊಬ್ಬನು ಇದ್ದುದನ್ನು ಬರೆದನು. ಇಬ್ಬರೂ ತಾವು ಕಂಡುದೇ ಸತ್ಯವೆಂದು ನಂಬಿದ್ದರು. ಪ್ರಾಮಾಣಿಕತೆಯೊಂದೇ ಸಾಲದು, ಪರೀಕ್ಷೆಯೂ ಬೇಕು. ಅದಕ್ಕೊಂದು ಸುಲಭ ಉಪಾಯವಿದೆ. ಹುಕ್ಕೇರಿಯಲ್ಲಿ ಒಬ್ಬರು, ಮೂಡಲಗಿಯಲ್ಲಿ ಒಬ್ಬರು, ಒಂದೇ ರಾತ್ರಿ ಒಂದೇ ವೇಳೆಗೆ, ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡದೆ ಗುರುವನ್ನು ಬರೆಯಲಿ. ಮರುದಿನ ಎರಡನ್ನೂ ಪಕ್ಕಪಕ್ಕದಲ್ಲಿಡಲಿ. ಎರಡರಲ್ಲಿಯೂ ಇರುವ ವಿವರಕ್ಕೆ ಬಲ ಹೆಚ್ಚು. ಒಂದರಲ್ಲಿ ಮಾತ್ರ ಇರುವುದನ್ನು ಅಳಿಸದೆ, ಸಂದೇಹಚಿಹ್ನೆಯೊಂದಿಗೆ ಉಳಿಸಿಕೊಂಡು ಮತ್ತೊಂದು ರಾತ್ರಿ ನೋಡಬೇಕು. ಮಾಂಡರನ ಪ್ರಯೋಗವನ್ನಂತೂ ದೂರದರ್ಶಕವಿಲ್ಲದೆಯೇ ನಮ್ಮ ತರಗತಿಯ ಗೋಡೆಯ ಮೇಲೊಂದು ಚಿತ್ರ ತೂಗಿಸಿ ಮಾಡಿ ನೋಡಬಹುದು.

ಕಂಡುದನ್ನು ಕಂಡಷ್ಟೇ ಹೇಳುವುದು, ಕಾಣದುದನ್ನು ಕಾಣಲಿಲ್ಲವೆನ್ನುವುದು, ಸಂದೇಹವಿದ್ದಲ್ಲಿ ಸಂದೇಹವೆಂದೇ ಬರೆಯುವುದು: ವಿಜ್ಞಾನದ ಮೊದಲ ಪಾಠಗಳಿವು. ಬಟಾಣಿಯಷ್ಟು ಕಾಣುವ ಗ್ರಹವೂ ಒಂದು ಮೋಟು ಪೆನ್ಸಿಲೂ ಇವನ್ನು ಕಲಿಸಬಲ್ಲವು.