ಕೈ ನಂಬದ ಪಿಸ್ತೂಲು

ಅಡಿಗೆಮನೆಯ ತಕ್ಕಡಿಯ ಮೇಲೆ ಪಿಸ್ತೂಲನ್ನಿಟ್ಟು ತೂಗುವ ಅವಿವೇಕಕ್ಕೆ ನಾನು ಕೈಹಾಕಿದುದು ಕೈಪಿಡಿಯಲ್ಲಿ ಅಚ್ಚಾಗಿದ್ದ ಅಂಕೆಗಳಲ್ಲಿ ಅವಿಶ್ವಾಸವಿದ್ದುದರಿಂದಲ್ಲ. ನನ್ನ ಕೈ ನುಡಿದ ಸಾಕ್ಷ್ಯವನ್ನೇ ನಾನು ನಂಬಲಾರದೆ ಹೋದುದರಿಂದ. ಮ್ಯಾಗಜೀನನ್ನು ತೆಗೆದಿರಿಸಿ, ತೋಟಾ ಕೂರುವ ಗೂಡು ಬರಿದಾಗಿದೆಯೆಂದು ಮೂರು ಸಲ ನೋಡಿ, ಹಳೆಯ ಪಂಚೆಯ ತುಂಡಿನ ಮೇಲೆ ಅದನ್ನು ಮಲಗಿಸಿದಾಗ ತಕ್ಕಡಿ ತೋರಿಸಿದುದು ಸುಮಾರು 630 ಗ್ರಾಂ. “ನಾಳೆ ಅದರಲ್ಲಿ ಮೈಸೂರುಪಾಕಿಗೆ ಕಡಲೆಹಿಟ್ಟು ತೂಗಬೇಕು, ಮೊದಲು ತೆಗೀರಿ ಅದನ್ನ” ಎಂದು ನನ್ನಾಕೆ ಗದರಿದಳು.

ಕೈಗೂ ಒಂದು ಶಿಕ್ಷಣವುಂಟು. ನನ್ನ ಕೈಯ ಶಿಕ್ಷಣ ನಡೆದುದು ತೀರ್ಥಹಳ್ಳಿ ಸೀಮೆಯ ನಮ್ಮ ತೋಟದ ಮನೆಯಲ್ಲಿ, ಬೆಳೆರಕ್ಷಣೆಯ ಲೈಸೆನ್ಸಿನೊಡನೆ ಅಜ್ಜನಿಂದ ಅಪ್ಪನಿಗೂ ಅಪ್ಪನಿಂದ ಅಣ್ಣನಿಗೂ ಇಳಿದುಬಂದ ಕೇಪಿನ ಕೋವಿಯೊಂದರಿಂದ. ಮದ್ದನ್ನು ನಳಿಗೆಯ ಬಾಯಿಂದ ಸುರಿದು, ತೆಂಗಿನ ನಾರು ತುರುಕಿ, ಗಜದ ಕಡ್ಡಿಯಿಂದ ಜಡಿದು, ಚರೆ ಹಾಕಿ, ಕುದುರೆಯೆಳೆದು ಕೇಪು ಕೂರಿಸುವಷ್ಟರಲ್ಲಿ ಮಂಗಗಳು ಪಕ್ಕದ ತೋಟವನ್ನು ಸೇರಿರುತ್ತಿದ್ದುವಾದರೂ, ಆ ಕಬ್ಬಿಣದ ಭಾರವೇ ಅದರ ಗಾಂಭೀರ್ಯವೆಂದು ಹುಡುಗರಾದ ನಾವು ತಿಳಿದಿದ್ದೆವು. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಒರಸುವ ಕೆಲಸ ನನ್ನದು. ಚುನಾವಣೆ ಬಂತೆಂದರೆ ಊರ ಕೋವಿಗಳು ಠಾಣೆಗೆ ಹೋಗಿ ಕೂತು, ಎಲ್ಲ ಮುಗಿದ ಮೇಲೆ ಮನೆಗೆ ಮರಳುವ ಪದ್ಧತಿ ಈಗಲೂ ಇದೆ. ಆ ಅವಧಿಯಲ್ಲಿ ಕಾಡುಹಂದಿಗಳು ಮಾತ್ರ ನೀತಿಸಂಹಿತೆಯನ್ನು ಪಾಲಿಸುವುದಿಲ್ಲವೆಂಬುದು ಅಣ್ಣನ ಹಳೆಯ ದೂರು.

ಇಂಥ ಕೈಗೆ, ಟೆಕ್ಸಸಿನಲ್ಲಿ ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವ ಈ ವಯಸ್ಸಿನಲ್ಲಿ, ಗುರಿಯಭ್ಯಾಸದ ಗೀಳು ಹತ್ತಿದ ನೆರೆಯವನೊಬ್ಬನ ಸಹವಾಸದಿಂದ ದೊರೆತುದು ಗ್ಲಾಕ್ 17. ಅಂಗಡಿಯಲ್ಲಿ ಸರಕಾರದ ನಮೂನೆಯೊಂದನ್ನು ತುಂಬಿ, ನನ್ನ ಪೂರ್ವೋತ್ತರಗಳ ವಿಚಾರಣೆ ಕೆಲವೇ ನಿಮಿಷಗಳಲ್ಲಿ ಮುಗಿದಾಗ, ಲೈಸೆನ್ಸಿನ ನವೀಕರಣಕ್ಕಾಗಿ ಅಪ್ಪ ಸವೆಸಿದ ಚಪ್ಪಲಿಗಳು ನೆನಪಾಗಿ, ಇದು ಸೌಕರ್ಯವೋ ಅವಸರವೋ ಎಂದು ತುಸು ಅಳುಕಿದೆನು. ಊರಿನಲ್ಲಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಇದಕ್ಕೆ ಬೇಕಾದ 9 ಮಿಲಿಮೀಟರ್ ಪ್ಯಾರಬೆಲ್ಲಂ ತೋಟಾ ಭಾರತದಲ್ಲಿ ಸಾಮಾನ್ಯ ನಾಗರಿಕನಿಗೆ ನಿಷಿದ್ಧ.

ಈ ಪಿಸ್ತೂಲಿನ ಜನ್ಮವೃತ್ತಾಂತ ವಿನೋದಕರವಾದುದು. ವಿಯೆನ್ನಾ ನಗರದ ಬಳಿಯ ಡಾಯ್ಚ್-ವಾಗ್ರಾಮ್ ಎಂಬಲ್ಲಿ ಪರದೆಯ ಸಲಾಕೆಗಳನ್ನೂ ಸೈನಿಕರಿಗೆ ಚೂರಿಗಳನ್ನೂ ತಯಾರಿಸಿಕೊಂಡಿದ್ದ ಗ್ಯಾಸ್ಟನ್ ಗ್ಲಾಕ್ ಎಂಬ ಎಂಜಿನಿಯರು, ಆಸ್ಟ್ರಿಯದ ಸೈನ್ಯವು ತನ್ನ ಮುಪ್ಪಾದ ವಾಲ್ಥರ್ ಪಿಸ್ತೂಲುಗಳಿಗೆ ಬದಲಿಯನ್ನು ಅರಸುತ್ತಿದೆಯೆಂದು ತಿಳಿದು, ಅದುವರೆಗೆ ಒಂದು ಬಂದೂಕನ್ನೂ ರೂಪಿಸದವನಾಗಿದ್ದರೂ ಸ್ಪರ್ಧೆಗೆ ಇಳಿದು, 1982ರಲ್ಲಿ ಹೆಸರಾಂತ ಕಾರ್ಖಾನೆಗಳನ್ನೆಲ್ಲ ಹಿಂದಿಕ್ಕಿದನು. ಅವನ 17ನೆಯ ಪೇಟೆಂಟಾದುದರಿಂದ 17 ಎಂಬ ಹೆಸರಂತೆ. ಮ್ಯಾಗಜೀನಿನಲ್ಲಿ ಹಿಡಿಯುವ ತೋಟಾಗಳೂ ಹದಿನೇಳೇ. ಪ್ಲಾಸ್ಟಿಕ್ ಒಡಲಿನ ಪಿಸ್ತೂಲು ಅವನ ಮೊದಲ ಕಲ್ಪನೆಯೇನೂ ಅಲ್ಲ; ಜರ್ಮನಿಯ ಹೆಕ್ಲರ್ ಕಾಖ್ ಸಂಸ್ಥೆಯ ವಿಪಿ 70 ಅದಕ್ಕಿಂತ ಒಂದು ದಶಕ ಮುಂಚೆಯೇ ಬಂದಿತ್ತು. ಆದರೆ ಲೋಕದ ಕಣ್ಣು ತೆರೆದುದೂ, ಕಣ್ಣು ಕೆಂಪಾದುದೂ ಗ್ಲಾಕಿನಿಂದ. ಲೋಹಶೋಧಕದ ಕಣ್ಣು ತಪ್ಪಿಸಿ ವಿಮಾನವೇರುವ ಪ್ಲಾಸ್ಟಿಕ್ ಪಿಸ್ತೂಲೆಂಬ ಭೀತಿ ಅಮೆರಿಕದಲ್ಲಿ ಎಷ್ಟು ಹಬ್ಬಿತೆಂದರೆ, 1988ರಲ್ಲಿ ಇಂಥ ಆಯುಧಗಳ ವಿರುದ್ಧ ಶಾಸನವೇ ಆಯಿತು. ಅದು ವಿಧಿಸಿದ ಕನಿಷ್ಠ ಮಿತಿ 3.7 ಔನ್ಸ್ ಉಕ್ಕು. ಗ್ಲಾಕಿನಲ್ಲಾದರೋ ತೂಕದ ಬಹುಪಾಲು ಉಕ್ಕೇ. ಮೇಲಿನ ಸ್ಲೈಡೂ ನಳಿಗೆಯೂ ಲೋಹ, ಹಿಡಿಯುವ ಒಡಲು ಮಾತ್ರ ನೈಲಾನಿನ ಜಾತಿಯ ಪಾಲಿಮರ್. ಅದರೊಳಗೂ ಸ್ಲೈಡು ಜಾರಲೆಂದು ಉಕ್ಕಿನ ಪುಟ್ಟ ಹಳಿಗಳನ್ನು ಎರಕದಲ್ಲೇ ಹುದುಗಿಸಿರುವರು.

ಆದುದರಿಂದಲೇ ಬರಿದಾದ ಪಿಸ್ತೂಲು ಕೈಯಲ್ಲಿ ತಲೆಭಾರದಿಂದ ಮುಗ್ಗರಿಸಿದಂತಾಗುತ್ತದೆ. ಹದಿನೇಳು ತೋಟಾಗಳನ್ನು ತುಂಬಿದ ಮೇಲೆ, ಅದರಲ್ಲಿಯೂ ಕೊನೆಯ ಎರಡನ್ನು ತುರುಕುವಷ್ಟರಲ್ಲಿ ಹೆಬ್ಬೆರಳು ಸೋತ ಮೇಲೆ, ಒಟ್ಟು ತೂಕ 900 ಗ್ರಾಮಿನ ಆಸುಪಾಸಿಗೆ ಏರಿ, ಭಾರವು ಅಂಗೈಯೊಳಕ್ಕೆ ಇಳಿದು ನೆಲೆಸುತ್ತದೆ. ನಮ್ಮ ಕೋವಿಯ ಭಾರ ಅದರ ಮೈಯದು. ಇದರದು ಮೂರರಲ್ಲೊಂದು ಪಾಲು ಹೊಟ್ಟೆಯದು. ರೂಪದ ವಿಷಯದಲ್ಲಿ ಹೇಳುವುದು ಹೆಚ್ಚೇನಿಲ್ಲ: ಕಪ್ಪು, ಚೌಕ, ಕೊಳಾಯಿ ರಿಪೇರಿಯವನ ಚೀಲದಲ್ಲಿದ್ದರೂ ಯಾರೂ ತಿರುಗಿನೋಡಲಾರರು.

ನನ್ನನ್ನು ನಿಜವಾಗಿ ಕಂಗೆಡಿಸಿದುದು ತೂಕವಲ್ಲ, ಹೆಬ್ಬೆರಳಿಗೆ ಕೆಲಸವಿಲ್ಲದಿರುವುದು. ಎಳೆಯಲು ಕುದುರೆಯಿಲ್ಲ, ಒತ್ತಲು ಸೇಫ್ಟಿ ಗುಂಡಿಯಿಲ್ಲ. ಟ್ರಿಗರಿನ ನಡುವೆ ನಾಲಗೆಯಂಥ ಸಣ್ಣ ಸನ್ನೆಯೊಂದಿದ್ದು, ಬೆರಳು ಅದನ್ನು ನೇರವಾಗಿ ಒತ್ತಿದ ಹೊರತು ಟ್ರಿಗರು ಹಿಂದೆ ಸರಿಯದು. ಸರಿಯುತ್ತ ಸರಿಯುತ್ತ ಒಳಗಿನ ಇನ್ನೆರಡು ತಡೆಗಳು ಒಂದಾದ ಮೇಲೊಂದು ಬಿಡುವುವು, ಬೆರಳು ತೆಗೆದೊಡನೆ ಮರಳಿ ಬೀಳುವುವು. ಕೆಳಗೆ ಬಿದ್ದರೆ ಸಿಡಿಯದು, ಸರಿಯೆ. ಆದರೆ ಬೇಡದ ಬೆರಳು ಒತ್ತಿದರೆ ಒತ್ತಿದ್ದೇ. ಇನ್ನೂ ವಿಚಿತ್ರವೆಂದರೆ, ಶುಚಿಮಾಡಲು ಬಿಚ್ಚಬೇಕಾದರೆ ಮೊದಲು ಟ್ರಿಗರನ್ನೇ ಒತ್ತಬೇಕು. ಗೂಡು ಬರಿದೆಂದು ಕಣ್ಣಿಂದ ನೋಡಿ, ಕಿರುಬೆರಳಿಟ್ಟು ಮುಟ್ಟಿ, ಗೋಡೆಯತ್ತ ತಿರುಗಿಸಿ ನಾನು ಅದನ್ನು ಒತ್ತಿದ ಮೊದಲ ರಾತ್ರಿ, ಕೇಳಿಸಿದುದು ಬರಿಯ ‘ಟಿಕ್’ ಎಂಬ ಸದ್ದಾದರೂ ಕುತ್ತಿಗೆ ಬೆವೆತಿತ್ತು. ಮೊಮ್ಮಕ್ಕಳು ಬರುವ ಮನೆಯಾದುದರಿಂದ, ಪಿಸ್ತೂಲಿಗಿಂತ ಭಾರವಾದ ಉಕ್ಕಿನ ಪೆಟ್ಟಿಗೆಯೊಂದನ್ನು ಮರುದಿನವೇ ತಂದೆನು.

ಗುರಿಯಭ್ಯಾಸದ ಕೊಟ್ಟಿಗೆಯಲ್ಲಿ ಏಳು ಗಜ ದೂರದ ಕಾಗದಕ್ಕೆ ಹಾರಿಸಿದ ನನ್ನ ಮೊದಲ ಹತ್ತು ಗುಂಡುಗಳು ಕೆಳಗೆ, ಎಡಕ್ಕೆ ಹೋಗಿ ಗುಂಪುಗೂಡಿದುವು. ಟ್ರಿಗರನ್ನು ಒತ್ತುವುದರ ಬದಲು ಕಿತ್ತೆಳೆಯುವ ಬಲಗೈಯ ಹೊಸಬರೆಲ್ಲರ ಗುಂಡುಗಳೂ ಅಲ್ಲಿಗೇ ಹೋಗುವುವೆಂದು ನೆರೆಯವನು ಸಮಾಧಾನ ಹೇಳಿದನು. ನಾನು ಗಮನಿಸುತ್ತಿದ್ದುದು ಬೇರೊಂದನ್ನು. ಕೇಪಿನ ಕೋವಿ ಹೆಗಲಿಗೆ ಕೊಡುತ್ತಿದ್ದ ಒದೆ ಮೂಳೆಗೆ ಮೂಳೆ ತಾಗಿದಂತಿರುತ್ತಿತ್ತು. ಇಲ್ಲಿ, ಇಷ್ಟು ಹಗುರವಾದ ವಸ್ತು ಕೈಯನ್ನು ಮುರಿದೀತೆಂದು ಹಲ್ಲುಕಚ್ಚಿ ನಿಂತಿದ್ದವನಿಗೆ, ಆಘಾತವು ಹೊಡೆತವಾಗದೆ ತಳ್ಳುವಿಕೆಯಾಗಿ ಬಂದಿತು. ಪಾಲಿಮರಿನ ಒಡಲು ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ನೆಟ್ಟಗಾಗುವುದರಿಂದ, ನಳಿಗೆಯು ಮುಷ್ಟಿಗೆ ಒತ್ತಾಗಿ ಕೂತಿರುವುದರಿಂದ ಹೀಗೆಂದು ಬಲ್ಲವರು ಹೇಳುವರು. ನಾಲ್ವತ್ತು ಗುಂಡುಗಳಾದ ಮೇಲೆ ಉಕ್ಕು ಮುಟ್ಟಲಾರದಷ್ಟು ಕಾದಿದ್ದರೂ ಹಿಡಿ ಮಾತ್ರ ತಣ್ಣಗೇ ಇದ್ದಿತು.

ಕಳೆದ ವಾರ ಅಣ್ಣ ಫೋನು ಮಾಡಿದ್ದನು. ಚುನಾವಣೆಗೆಂದು ಠಾಣೆಗೆ ಹೋಗಿದ್ದ ಕೋವಿಯನ್ನು ಅಂದು ಬಿಡಿಸಿಕೊಂಡು ತಂದಿದ್ದನಂತೆ. ನಳಿಗೆಯಲ್ಲಿ ಜೇಡ ಬಲೆ ಕಟ್ಟಿತ್ತಂತೆ. ನನ್ನ ಹೊಸ ಪಿಸ್ತೂಲಿನ ವರ್ಣನೆಯನ್ನೆಲ್ಲ ತಾಳ್ಮೆಯಿಂದ ಕೇಳಿ, ಕೊನೆಗೆ “ಅದೆಲ್ಲ ಇರ್ಲಿ ಮಾರಾಯ, ಅದಕ್ಕೆ ಎಣ್ಣೆ ಗಿಣ್ಣೆ ಹಾಕ್ತೀಯೇನೋ?” ಎಂದನು. ಅಲ್ಲೊಂದು ಇಲ್ಲೊಂದು ತೊಟ್ಟು ಸಾಕೆಂದು ಕೈಪಿಡಿಯಲ್ಲಿದೆ ಎಂದೆನು. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಬಟ್ಟೆಯಿಂದ ಏನನ್ನೋ ತಿಕ್ಕುತ್ತಿದ್ದ ಸದ್ದು ಮಾತ್ರ ಕೇಳಿಸುತ್ತಿದ್ದಿತು.