ಹದಿಮೂರನೇ ದಿನ ಕಳೆದ ಮೇಲೆ

ವೈಕುಂಠ ಸಮಾರಾಧನೆ ಮುಗೀತು, ನೆಂಟರೆಲ್ಲ ಊರಿಗೆ ಹೊರಟರು. ಎಷ್ಟೋ ಮನೆಗಳಲ್ಲಿ ನಿಜವಾದ ದುಃಖ ಶುರುವಾಗೋದೇ ಆಮೇಲೆ.

ಬೆಳಗ್ಗೆ ಕೈ ತಾನಾಗೇ ಎರಡು ಲೋಟಕ್ಕೆ ಕಾಫಿ ಬಗ್ಗಿಸುತ್ತೆ. ಆಗ ನೆನಪಾಗುತ್ತೆ, ಅವರಿಲ್ಲ. "ಇನ್ನೂ ಅಳ್ತಿದ್ದೀಯಾ?" ಅಂತ ಯಾರಾದ್ರೂ ಕೇಳಿದ್ರೆ, ತಪ್ಪು ನಿಮ್ಮದಲ್ಲ.

ದುಃಖಕ್ಕೆ ಐದು ಹಂತ ಅಂತ ಕೇಳಿರ್ತೀರಿ. 1969ರಲ್ಲಿ ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ ಅದನ್ನ ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜತೆ ಮಾತಾಡಿ. ಅಗಲಿಕೆಯ ನೋವು ಹಾಗೆ ವರಸೆಯಾಗಿ ಬರಲೇಬೇಕು ಅಂತೇನಿಲ್ಲ.

1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಶುಟ್ ಎಂಬ ಸಂಶೋಧಕರು ಬೇರೆ ಮಾತು ಹೇಳಿದ್ರು: ಮನಸ್ಸು ಒಮ್ಮೆ ನೋವಿನ ಕಡೆ, ಒಮ್ಮೆ ದಿನದ ಕೆಲಸದ ಕಡೆ ಓಡಾಡುತ್ತೆ. ಎರಡೂ ಬೇಕು. ಹಾಗಾಗಿ ನಕ್ಕರೆ ಅವರನ್ನ ಮರೆತ ಹಾಗಲ್ಲ, ಅತ್ತರೆ ಸೋತ ಹಾಗಲ್ಲ.

ಹೊತ್ತಿಗೆ ಸರಿಯಾಗಿ ಎರಡು ತುತ್ತಾದ್ರೂ ತಿನ್ನಿ. ಅವರ ಬಟ್ಟೆಬರೆ ತೆಗೆದುಹಾಕೋಕೆ ಆತುರ ಬೇಡ. ಅವರ ಹೆಸರು ಹೇಳಿ ಮಾತಾಡಿ. ಮಕ್ಕಳಿಗೆ "ಅಜ್ಜ ಊರಿಗೆ ಹೋಗಿದ್ದಾರೆ" ಅನ್ನಬೇಡಿ. ತೀರಿಕೊಂಡರು ಅಂತ ಮೆಲ್ಲಗೆ ನಿಜ ಹೇಳಿ.

ತಿಂಗಳುಗಟ್ಟಲೆ ಆದರೂ ಊಟ, ನಿದ್ದೆ, ಕೆಲಸ ಹಳಿಗೆ ಬರ್ತಿಲ್ವಾ? ವೈದ್ಯರನ್ನ ಕಾಣಿ. ಬದುಕೋದೇ ಬೇಡ ಅನ್ನಿಸ್ತಿದೆಯಾ? ಒಂದು ಗಳಿಗೆಯೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಿಮಗೆ ಗೊತ್ತಿರೋರ ಮನೆಯಲ್ಲಿ ಸಾವಾಗಿದ್ರೆ, ತಿಂಗಳು ಕಳೆದ ಮೇಲೂ ಹೋಗಿ ಬನ್ನಿ. ಬುದ್ಧಿಮಾತು ಬೇಡ. ಒಂದು ಡಬ್ಬಿ ಊಟ ತಗೊಂಡು ಹೋಗಿ, ಪಕ್ಕದಲ್ಲಿ ಕೂತು ಅವರ ಮಾತು ಕೇಳಿ.