ಚಿಪ್ ಮೇಲೆ ಹೆಣೆದ ದ್ರವ್ಯಸ್ಥಿತಿ

ಐವತ್ತು ಎಲೆಕ್ಟ್ರಾನ್‌ಗಳ ಸ್ಪಿನ್‌ಗಳು ಒಂದಕ್ಕೊಂದು ಹೆಣೆದುಕೊಂಡರೆ ಆ ಸ್ಥಿತಿಯನ್ನು ಪೂರ್ತಿ ಬರೆದಿಡಲು ಸಾವಿರ ಲಕ್ಷ ಕೋಟಿಗೂ ಹೆಚ್ಚು ಸಂಖ್ಯೆಗಳು ಬೇಕು. ಇನ್ನೊಂದು ಸ್ಪಿನ್ ಸೇರಿದರೆ ಅದರ ಇಮ್ಮಡಿ. ಹೀಗೆ ಬೆಳೆಯುತ್ತ ಹೋದರೆ ಎಂಥ ಕಂಪ್ಯೂಟರ್ ಆದರೂ ಕೈಚೆಲ್ಲುತ್ತದೆ. 1981ರಲ್ಲಿ ಅಮೆರಿಕದ ಎಂಐಟಿಯ ಸಮ್ಮೇಳನವೊಂದರಲ್ಲಿ ರಿಚರ್ಡ್ ಫೈನ್‌ಮನ್ ಇದಕ್ಕೊಂದು ನೇರ ಉಪಾಯ ಸೂಚಿಸಿದರು: ಪ್ರಕೃತಿ ಕ್ವಾಂಟಮ್ ನಿಯಮದಂತೆ ನಡೆಯುವುದಾದರೆ, ಅದನ್ನು ಅನುಕರಿಸುವ ಯಂತ್ರವೂ ಹಾಗೆಯೇ ನಡೆಯಲಿ.

ಮಾತು ಬಂದಷ್ಟು ಬೇಗ ಯಂತ್ರ ಬರಲಿಲ್ಲ. 1984-85ರಲ್ಲಿ ಬರ್ಕ್ಲಿಯಲ್ಲಿ ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಅವರು ಅತಿವಾಹಕ ಮಂಡಲವೊಂದು ಇಡಿಯಾಗಿ ಪರಮಾಣುವಿನಂತೆ ಬಿಡಿಬಿಡಿ ಶಕ್ತಿಮಟ್ಟಗಳಲ್ಲಿ ನೆಲೆಸಬಲ್ಲದು ಎಂದು ತೋರಿಸಿದರು; 2025ರ ನೊಬೆಲ್ ಸಂದದ್ದು ಇದಕ್ಕೇ. 1999ರಲ್ಲಿ ಜಪಾನಿನ ಎನ್‌ಇಸಿ ಪ್ರಯೋಗಾಲಯದಲ್ಲಿ ಅತಿವಾಹಕ ಕ್ಯೂಬಿಟ್, ಅಂದರೆ '0' ಮತ್ತು '1' ಎರಡೂ ಒಟ್ಟಿಗೇ ಆಗಿರಬಲ್ಲ ಘಟಕ, ಕೈಗೆ ಬಂತು. 2007ರಲ್ಲಿ ಯೇಲ್ ವಿಶ್ವವಿದ್ಯಾಲಯ ರೂಪಿಸಿದ 'ಟ್ರಾನ್ಸ್‌ಮಾನ್' ಎಂಬ ವಿನ್ಯಾಸ ಅದಕ್ಕೆ ಬಾಳಿಕೆ ಕೊಟ್ಟಿತು.

ಅನುಕರಿಸಬೇಕಾದ ದ್ರವ್ಯದ ನಕ್ಷೆ ಅಷ್ಟರಲ್ಲಿ ಸಿದ್ಧವಾಗಿತ್ತು. ರಷ್ಯಾದ ಅಲೆಕ್ಸೀ ಕಿತಾಯೆವ್ 1997ರಲ್ಲಿ ಮಂಡಿಸಿದ 'ಟೋರಿಕ್ ಕೋಡ್' ಯಾವ ಗಣಿಯಲ್ಲೂ ಸಿಗುವ ವಸ್ತುವಲ್ಲ. ಚೌಕುಳಿ ಜಾಲದ ಪ್ರತಿ ಗೆರೆಯ ಮೇಲೂ ಒಂದೊಂದು ಕ್ಯೂಬಿಟ್. ನಾಲ್ಕು ಗೆರೆಗಳು ಕೂಡುವಲ್ಲಿ '1' ಆಗಿರುವವು ಸಮಸಂಖ್ಯೆಯಲ್ಲೇ ಇರಬೇಕು ಎಂಬುದು ನಿಯಮ. ಹಾಗಾಗಿ '1'ಗಳ ಸಾಲು ಎಳೆ ರಂಗೋಲಿಯಂತೆ ತುದಿಯಿಲ್ಲದೆ ಸುತ್ತಿಕೊಳ್ಳುತ್ತದೆ. ಅಂಥ ಎಲ್ಲ ಸುತ್ತುಗಳೂ ಒಟ್ಟಿಗೇ ಇರುವುದೇ ಈ ದ್ರವ್ಯದ ಮೂಲಸ್ಥಿತಿ. ಎಳೆ ಎಲ್ಲಿ ತುಂಡಾಯಿತೋ ಅಲ್ಲೊಂದು 'ಎನಿಯಾನ್' ಕಣ. ಅದನ್ನು ಇನ್ನೊಂದು ಬಗೆಯ ಎನಿಯಾನ್ ಸುತ್ತ ಒಂದು ಬಳಸು ತಂದರೆ ಸ್ಥಿತಿಯನ್ನು ಬಣ್ಣಿಸುವ ಕ್ವಾಂಟಮ್ ತರಂಗದ ಚಿಹ್ನೆ ಧನದಿಂದ ಋಣಕ್ಕೆ ತಿರುಗುತ್ತದೆ. ಎಲೆಕ್ಟ್ರಾನ್, ಫೋಟಾನ್‌ಗಳಿಗೆ ಪೂರ್ತಿ ಸುತ್ತು ಹಾಕಿದರೂ ಹೀಗಾಗದು.

2021ರಲ್ಲಿ ಗೂಗಲ್ ತಂಡ ಸಿಕಮೋರ್ ಚಿಪ್‌ನ 31 ಕ್ಯೂಬಿಟ್‌ಗಳಲ್ಲಿ ಈ ಸ್ಥಿತಿಯನ್ನೇ ಕಟ್ಟಿತು. ಚಿಪ್ ಇರುವುದು ನಿರಪೇಕ್ಷ ಶೂನ್ಯಕ್ಕಿಂತ ಡಿಗ್ರಿಯ ಕೆಲವೇ ನೂರನೇ ಭಾಗದಷ್ಟು ಮೇಲೆ. ಅದಕ್ಕಿಂತ ಬಿಸಿಯಾದರೆ ಕ್ಯೂಬಿಟ್‌ಗಳು ತಾವಾಗಿಯೇ ಮೇಲಿನ ಮಟ್ಟಕ್ಕೆ ಜಿಗಿದು ಲೆಕ್ಕ ಕೆಡುತ್ತದೆ. ಹೆಣಿಗೆಯ ಗುರುತಾದ 'ಟೊಪೊಲಾಜಿಕಲ್ ಎಂಟ್ರೊಪಿ'ಯನ್ನು ಅಳೆದಾಗ, ಸಿದ್ಧಾಂತ ಹೇಳುವ -0.693ರ ಆಸುಪಾಸಿನಲ್ಲೇ ಉತ್ತರ ಬಂತು. 2023ರಲ್ಲಿ ಇದೇ ಬಗೆಯ ಜಾಲದಲ್ಲಿ ಬೇಕೆಂದೇ ಊನಗಳನ್ನು ಮಾಡಿ, ಅವುಗಳ ಜಾಗ ಅದಲುಬದಲು ಮಾಡಲಾಯಿತು. ಈ ಬಾರಿ ಬದಲಾದದ್ದು ಬರಿಯ ಚಿಹ್ನೆಯಲ್ಲ, ಸ್ಥಿತಿಯೇ.

ಆದರೆ ಇದನ್ನು ಹೊಸ ದ್ರವ್ಯವೆಂದು ಕೊಂಡಾಡುವ ಮುನ್ನ ಒಂದು ಕೊರತೆ ನೆನಪಿರಬೇಕು. ನಿಜವಾದ ದ್ರವ್ಯದಲ್ಲಿ ಎಳೆ ತುಂಡಾಗಲು ಶಕ್ತಿ ತೆರಬೇಕು. ಆ ಶಕ್ತಿಯ ಅಂತರವೇ ಅದಕ್ಕೆ ರಕ್ಷೆ. ಚಿಪ್ ಮೇಲಿನ ಸ್ಥಿತಿಯನ್ನು ಮೈಕ್ರೋವೇವ್ ಸಂಕೇತಗಳಿಂದ ಹೆಜ್ಜೆಹೆಜ್ಜೆಯಾಗಿ ಕಟ್ಟಿದ್ದು, ಅದಕ್ಕೆ ಆ ರಕ್ಷೆ ಇಲ್ಲ. ಬದಲಿಗೆ ತುಂಡಾದ ಜಾಗವನ್ನು ಮತ್ತೆಮತ್ತೆ ಅಳೆದು ತಿದ್ದಬೇಕು. 'ಸರ್ಫೇಸ್ ಕೋಡ್' ಎಂಬ ದೋಷನಿವಾರಣೆಯ ವಿಧಾನ ಮಾಡುವುದು ಇದನ್ನೇ. ಜಾಲ ಹಿಗ್ಗಿದಂತೆ ದೋಷ ಕುಗ್ಗುತ್ತದೆಂಬುದನ್ನು ಗೂಗಲ್‌ನ 'ವಿಲೋ' ಚಿಪ್ 2024ರಲ್ಲಿ ತೋರಿಸಿತು.